ಐವತ್ತೊಂದು ಕಿಲೋ ಮರಳು

ಗುರು-ಶಿಷ್ಯರ ಕಥೆ ಇದು. ಆದರೆ ಜಿಂಕೆ ಮರಿ, ಆಲದ ಮರ, ಕಮಂಡಲ ಹುಡುಕಬೇಡಿ. ಸಿಗುವುದಿಲ್ಲ.

ಸಿಗುವುದು ತುಂಗಭದ್ರೆಯ ದಂಡೆಯ ಮೇಲೆ ತಗಡು ಹೊದಿಸಿದ ಒಂದು ಗ್ಯಾರೇಜು. ಅದರ ನೆಲ ಮಾತ್ರ ನೀರು ನಿಲ್ಲಿಸಿ ನೋಡಿ ಸಮ ಮಾಡಿದ ಸಿಮೆಂಟು. ಆ ನೆಲವನ್ನು ಗುರು ದಿನಾ ಬೆಳಿಗ್ಗೆ ತಾವೇ ಗುಡಿಸುತ್ತಿದ್ದರು. ಆಶ್ರಮ ಅನ್ನಬೇಕೆಂದರೆ ಅನ್ನಿ.

ಗುರುವಿನ ಹೆಸರು ಮಾನಪ್ಪ ಬಡಿಗೇರ. ಅವರ ಅಪ್ಪ ಚಕ್ಕಡಿಯ ಗಾಲಿ ಮಾಡುತ್ತಿದ್ದರು. ಇವರು ಕಾರಿನ ಗಾಲಿ ನೇರ ಮಾಡುತ್ತಿದ್ದರು. ಕಾರನ್ನು ನೆಲಕ್ಕೆ ತಗ್ಗಿಸಿ, ಅಗಲದ ಗಾಲಿ ಹಾಕಿ ಮೆರೆಯುವ ಹುಚ್ಚಿನವರೆಲ್ಲ ಇವರ ಹತ್ತಿರವೇ ಬರುತ್ತಿದ್ದರು. ಬೈಸಿಕೊಳ್ಳುತ್ತಲೂ ಬರುತ್ತಿದ್ದರು.

ಶಿಷ್ಯನ ಹೆಸರು ಫಕೀರೇಶ. ವಯಸ್ಸು ಮೂವತ್ತೊಂದು. ಬಂದು ಏಳು ವರ್ಷವಾಗಿತ್ತು.

ಬಂದ ಮೊದಲ ವಾರ ಅವನು ಕೇಳಿದ್ದ.

"ಅಜ್ಜಾರ, ಪ್ಯಾಟ್ಯಾಗ ಕಂಪ್ಯೂಟರ್ ಮಷೀನ್ ಬಂದೈತ್ರಿ. ಹತ್ತು ನಿಮಿಷದಾಗ ಹೇಳತೈತಿ. ನಾವಿನ್ನಾ ಯಾಕ ದಾರ ಕಟ್ಟತೇವಿ?"

"ಮಷೀನ್ ಏನ ಹೇಳತೈತಿ?"

"ಗಾಲಿ ಎಷ್ಟು ಸೊಟ್ಟ ಐತಿ ಅಂತ್ರಿ."

"ಯಾಕ ಸೊಟ್ಟ ಆತು ಅಂತ ಹೇಳತೈತೇನು?"

"ಅದನ್ನ ಹೇಳೂದಿಲ್ರಿ."

"ಹಂಗಾರ ದಾರದ ಆ ತುದಿ ಹಿಡಿ," ಎಂದರು ಮಾನಪ್ಪಜ್ಜ.

ಆರು ತಿಂಗಳು ಅವನು ಆ ತುದಿ ಹಿಡಿದೇ ನಿಂತಿದ್ದ.

ಕಾರಿನ ಎರಡೂ ಬದಿಗೆ ಉದ್ದಕ್ಕೆ ದಾರ ಎಳೆದು ಕಟ್ಟುವುದು. ದಾರದಿಂದ ಗಾಲಿಯ ಮುಂದಿನ ಅಂಚು ಎಷ್ಟು ದೂರ, ಹಿಂದಿನ ಅಂಚು ಎಷ್ಟು ದೂರ ಎಂದು ಅಳೆಯುವುದು. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮತ್ತೆ ಮೊದಲಿನಿಂದ. ಇದೇ ಅವರ ವಿದ್ಯೆ. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ಸೊಂಟ ಬಿದ್ದು ಹೋಗುತ್ತದೆ.

ಎರಡನೆಯ ವರ್ಷ ಗುರು ಒಂದು ಪಾಠ ಹೇಳಿದರು.

"ಮೊದಲ ಭಾರ. ಆಮ್ಯಾಲೆ ಎತ್ತರ. ಕಡೀಕ ನೇರ. ಈ ಸಾಲು ತಪ್ಪಬಾರದು."

"ಯಾಕ್ರಿ?"

"ಎದ್ದು ನಿಂದರು. ಪಾದ ಎರಡೂ ನೆಟ್ಟಗ ಇಡು."

ಫಕೀರೇಶ ನಿಂತ.

"ಈಗ ಅರ್ಧ ಕುಂದರು. ಪೂರಾ ಬ್ಯಾಡ, ಅರ್ಧ. ಹಂಗ ಇರು."

ಅರ್ಧ ಕುಳಿತ. ತೊಡೆ ನಡುಗಿತು. ಸ್ವಲ್ಪ ಹೊತ್ತಿಗೆ ಮೊಳಕಾಲು ಹೊರಳಿ, ಪಾದಗಳು ತಾವಾಗಿಯೇ ಹೊರಗೆ ತಿರುಗಿದವು.

"ಪಾದ ತಿರುಗಿಸು ಅಂತ ನಾ ಹೇಳಿದ್ನೇನು?"

"ಇಲ್ರಿ."

"ಕಾರೂ ಹಂಗ. ತಗ್ಗಿಸಿದ್ರ ಗಾಲಿ ತಿರುಗತಾವು. ಅದಕ್ಕ ಎತ್ತರ ಮೊದಲ, ನೇರ ಆಮ್ಯಾಲೆ."

"ನೇರ ಮಾಡಿದ ಮ್ಯಾಲೆ ಎತ್ತರ ಮುಟ್ಟಿದ್ರ?"

"ಮತ್ತ ಮೊದಲಿಂದ ದಾರ ಕಟ್ಟಬೇಕು."

"ಸ್ವಲ್ಪ ಮುಟ್ಟಿದ್ರ?"

"ಸ್ವಲ್ಪ ಅನ್ನೂದು ನಿನ್ನ ಕಣ್ಣಿಗೆ. ಗಾಲಿಗೆ ಅಲ್ಲ."

ಭಾರ ಅಂದರೆ ಮರಳಿನ ಚೀಲ. ಕಾರಿನಲ್ಲಿ ಯಾರು ಯಾರು ಕೂರುತ್ತಾರೆ, ಅವರ ತೂಕ ಎಷ್ಟು ಎಂದು ಗುರು ಕೇಳುತ್ತಿದ್ದರು. ಅಷ್ಟೇ ತೂಕದ ಚೀಲಗಳನ್ನು ಅವರವರ ಸೀಟಿನ ಮೇಲೆ ಇಟ್ಟ ಮೇಲೆಯೇ ಅಳತೆ. ಖಾಲಿ ಕಾರು ನೇರ ಇದ್ದು ಏನು ಪ್ರಯೋಜನ, ಖಾಲಿ ಕಾರು ರಸ್ತೆಗೆ ಹೋಗುವುದಿಲ್ಲವಲ್ಲ ಎನ್ನುತ್ತಿದ್ದರು.

ಅಷ್ಟು ಚೀಲಗಳ ನಡುವೆ ಒಂದು ಚೀಲ ಬೇರೆ ಇತ್ತು. ಹದಿನೆಂಟು ಕಿಲೋದ್ದು. ಅದನ್ನು ಅಳತೆಗೆ ಬಳಸುತ್ತಿರಲಿಲ್ಲ. ಕೆಲಸ ಮುಗಿದು ಕಾರನ್ನು ನದಿಯ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡುವಾಗ ಮಾತ್ರ ಗುರು ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಚೀಲ ಹರಿದರೆ ಹೊಸ ಚೀಲ ತರುತ್ತಿದ್ದರು. ಮರಳು ಮಾತ್ರ ಅದೇ. ಒಂದು ಹಿಡಿಯೂ ನೆಲಕ್ಕೆ ಬೀಳದ ಹಾಗೆ ಸುರಿದು ಹೊಲಿಯುತ್ತಿದ್ದರು.

"ಹಿಂದ ಯಾರ ಕುಂದರತಾರ್ರಿ ಅಜ್ಜಾರ?" ಎಂದು ಫಕೀರೇಶ ಒಮ್ಮೆ ಕೇಳಿದ್ದ.

"ಕುಂತಾರ," ಎಂದಿದ್ದರು ಗುರು.

ಮುದುಕರ ಗೀಳು ಎಂದು ಅವನು ಮತ್ತೆ ಕೇಳಲಿಲ್ಲ. ಏಳು ವರ್ಷ ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಇನ್ನೊಂದು ಪದ್ಧತಿ. ಇಂಥ ಕಾರುಗಳ ಶಾಕ್ ಅಬ್ಸಾರ್ಬರಿನ ಕೊಳವೆಗೆ ತಿರುಪಿನ ಹಾಗೆ ಹಲ್ಲು ಕೊರೆದಿರುತ್ತಾರೆ. ಸ್ಪ್ರಿಂಗು ಕೂರುವ ಬಳೆ ಆ ಹಲ್ಲಿನ ಮೇಲೆ ತಿರುಗುತ್ತದೆ. ಬಳೆ ಇಳಿಸಿದರೆ ಕಾರು ಇಳಿಯುತ್ತದೆ. ಗುರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಕಡ್ಡಿಯಿಂದ ಒಂದು ಉದ್ದ ಗೆರೆ ಎಳೆಯುತ್ತಿದ್ದರು. ಗೆರೆ ಬಳೆಯ ಮೇಲಿನ ಕೊಳವೆಯಿಂದ ಶುರುವಾಗಿ, ಬಳೆಯನ್ನು ದಾಟಿ, ಕೆಳಗಿನ ಕೊಳವೆಗೆ ಬರುತ್ತಿತ್ತು.

"ಪೂಜೆ ಏನ್ರಿ ಇದು?"

"ಸಾಕ್ಷಿ," ಎಂದಿದ್ದರು. "ಈ ಬಳೀನ ಯಾರರ ತಿರುವಿದ್ರ ಗೆರಿ ಮುರೀತೈತಿ."

ಒಂದು ದಿನ ಧರಣೇಂದ್ರ ಎಂಬುವನು ತನ್ನ ಕಾರು ತಂದ. ಪಾತ್ರೆ ಅಂಗಡಿಯವನು, ಒಳ್ಳೆಯ ಮನುಷ್ಯ. ಕಾರಿನ ಹುಚ್ಚು ಒಂದು ಬಿಟ್ಟರೆ ಬೇರೆ ಚಟ ಇರಲಿಲ್ಲ. ಜೊತೆಗೆ ಹೆಂಡತಿ ತ್ರಿಶಲಾ ಬಂದಿದ್ದಳು.

"ಯಾರ ಯಾರ ಕುಂದರತೀರಿ?" ಎಂದರು ಗುರು.

"ನಾನು, ಈಕಿ. ಇಬ್ಬರ ರೀ."

"ತಂಗಿ, ನಿನ್ನ ತೂಕ ಎಷ್ಟವ್ವ?"

ತ್ರಿಶಲಾ ನಕ್ಕು ಸೆರಗು ಸರಿಮಾಡಿಕೊಂಡಳು. "ನಲವತ್ತೆಂಟ್ರಿ ಅಜ್ಜಾರ."

"ಮದುವಿ ಮುಂಚಿಂದು ಹೇಳಬ್ಯಾಡ," ಎಂದ ಧರಣೇಂದ್ರ.

ಅವಳು ಗಂಡನನ್ನು ದುರುಗುಟ್ಟಿ ನೋಡಿದಳು. ಗುರು ಮರಳು ತೂಗುವ ತಕ್ಕಡಿ ತೋರಿಸಿದರು. ಹತ್ತಿ ನಿಂತಳು. ಐವತ್ತೊಂದು.

"ಚಪ್ಪಲಿ ಭಾರ ಅದಾವ್ರಿ," ಎಂದು ಚಪ್ಪಲಿ ಬಿಟ್ಟು ಮತ್ತೆ ನಿಂತಳು. ಆಗಲೂ ಐವತ್ತೊಂದೇ.

ಎಲ್ಲರೂ ನಕ್ಕರು. ಗುರು ಕೂಡ. ಫಕೀರೇಶ ಐವತ್ತೊಂದು ಕಿಲೋ ಮರಳು ತೂಗಿ ಎಡಗಡೆಯ ಸೀಟಿನಲ್ಲಿ ಇಟ್ಟ.

"ಇದೇನು, ನಾನ ಕುಂದರತೇನಲ್ರಿ," ಎಂದಳು ತ್ರಿಶಲಾ.

"ಎರಡು ತಾಸು ಮಿಸುಕಾಡದಂಗ ಕುಂದರತೀರೇನ್ರಿ ಅಕ್ಕಾರ?" ಎಂದ ಫಕೀರೇಶ.

"ಅದು ಆಗೂದಿಲ್ಲ ಬಿಡ್ರಿ. ಈ ಕಾರಿನಾಗ ಹತ್ತೂದು ಹೆಂಗರ ಹತ್ತತೇನಿ, ಇಳಿಯಾಕ ಬರೂದಿಲ್ಲ ನೋಡ್ರಿ. ಅಷ್ಟು ತಗ್ಗು. ಯಾರರ ಕೈ ಹಿಡದು ಇಳಿಸಬೇಕು."

ಅವಳು ನದಿಗೆ ಹೋಗಿ ಕಾಲು ತೊಳೆದುಕೊಂಡು ಬಂದು, ನೆರಳಲ್ಲಿ ಕುಳಿತು, ಡಬ್ಬಿಯಿಂದ ಚಕ್ಕುಲಿ ತೆಗೆದು ಎಲ್ಲರಿಗೂ ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಮುಂದಿನ ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿನ ಅಂಚಿಗೂ ನಡುವೆ ಎರಡು ಬೆರಳಿನ ಜಾಗ. ಗುರು ಕುಂಕುಮದ ಗೆರೆ ಎಳೆದರು, ಹದಿನೆಂಟು ಕಿಲೋದ ಚೀಲ ಕೂರಿಸಿ ಒಂದು ಸುತ್ತು ಓಡಿಸಿ ಬಂದರು, ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನದಿಗೆ ಇಳಿದರು. ಫಕೀರೇಶ ದಾರ ಬಿಚ್ಚಿ ಸುತ್ತಿಟ್ಟ. ಚೀಲ ಇಳಿಸಿದ.

ಧರಣೇಂದ್ರ ದೂರ ನಿಂತು ಕಾರನ್ನು ನೋಡಿದ. ಕುಕ್ಕರಗಾಲಲ್ಲಿ ಕುಳಿತು ನೋಡಿದ. ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದ.

"ಫಕೀರಣ್ಣ, ಮುಂದ ಇನ್ನೊಂದು ಬೆರಳು ಇಳಿದ್ರ ಛಂದ ಕಾಣತಿತ್ತು."

"ಅಜ್ಜಾರು ಬೈತಾರ್ರಿ. ಮತ್ತ ದಾರ ಕಟ್ಟಬೇಕು, ಎರಡು ತಾಸು ಹಿಡೀತೈತಿ."

"ಅಷ್ಟು ಹೊತ್ತಿಲ್ರಿ. ಈಕಿ ತಂಗಿ ಮಗಂದು ಇವತ್ತ ತೊಟ್ಟಿಲಾ. ನಾಕಕ್ಕ ಅಲ್ಲಿರಬೇಕು."

"ಹಂಗಾರ ಬ್ಯಾಡ್ರಿ."

"ಅಜ್ಜಾರದು ಚಕ್ಕಡಿ ಕಾಲದ ಅಂಜಿಕಿ," ಎಂದ ಧರಣೇಂದ್ರ, ನಗುತ್ತಲೇ. "ಈ ಗ್ಯಾರೇಜಿನಾಗ ಕೈ ಅಂದ್ರ ನಿಮ್ದು ಅಂತ ನಮ್ಮ ಹುಡುಗ್ರೆಲ್ಲ ಅಂತಾರ. ಗೊತ್ತೇನು?"

ಫಕೀರೇಶನಿಗೆ ಗೊತ್ತಿರಲಿಲ್ಲ. ಏಳು ವರ್ಷದಲ್ಲಿ ಅವನ ಕೈ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಗುರು ಅಂತೂ ಆಡುವವರೇ ಅಲ್ಲ. ಆ ಮಾತು ಅವನ ತಲೆಗೆ ಏರಿತು. ನನಗೂ ನಿಮಗೂ ಏರುವ ಹಾಗೆಯೇ ಏರಿತು.

ಅವನು ಜಾಕ್ ಕೊಟ್ಟ. ಎರಡೂ ಬದಿಯ ಬಳೆಗಳನ್ನು ಆರು ಸುತ್ತು ಇಳಿಸಿದ.

ಪೂರಾ ಆರು ಸುತ್ತು. ಐದೂವರೆ ಅಲ್ಲ, ಆರೂಕಾಲು ಅಲ್ಲ. ಪೂರಾ ಸುತ್ತಿದರೆ ಬಳೆಯ ಮೇಲಿನ ಕುಂಕುಮ ಮತ್ತೆ ಕೊಳವೆಯ ಕುಂಕುಮದ ಸಾಲಿಗೇ ಬಂದು ನಿಲ್ಲುತ್ತದೆ. ಗೆರೆ ಮುರಿಯುವುದಿಲ್ಲ. ಏಳು ವರ್ಷ ಕಲಿತದ್ದನ್ನು ಅವನು ಅಲ್ಲಿ ಬಳಸಿದ.

ತ್ರಿಶಲಾ ಎಡಗಡೆ ಕುಳಿತು ಕೈ ಬೀಸಿದಳು. ಕಾರು ಹೋಯಿತು.

ಗುರು ಒದ್ದೆ ತಲೆಯಲ್ಲಿ ಬಂದರು.

"ಹೆಂಗಿತ್ತೋ ಹಂಗ ಕಳಿಸಿದೇನು?"

"ಹೂಂ ರೀ," ಎಂದ ಫಕೀರೇಶ.

ಒಂದು ವಾರದ ಮೇಲೆ ಧರಣೇಂದ್ರನ ಫೋನು ಬಂತು.

"ಏನ ಮಾಡೀರಿ ಫಕೀರಣ್ಣ! ಸ್ಟೇರಿಂಗ್ ಮುಟ್ಟಿದ್ರ ಸಾಕು, ಕಾರು ತಿರುಗತೈತಿ. ಮನಸ್ಸಿನಾಗ ಅನಕೊಳ್ಳೂದ್ರಾಗ ತಿರುಗತೈತಿ."

ಫಕೀರೇಶನಿಗೆ ಅರ್ಥವಾಯಿತು. ಅದು ಮೆಚ್ಚುಗೆಯಲ್ಲ, ರೋಗದ ಲಕ್ಷಣ. ಮುಂದಿನ ಗಾಲಿಗಳ ಪಾದ ಹೊರಗೆ ತಿರುಗಿದಾಗ ಕಾರು ಹಾಗೆ ಚುರುಕಾಗುತ್ತದೆ. ಟೈರಿನ ಒಳಗಿನ ಅಂಚು ನೆಲಕ್ಕೆ ಉಜ್ಜಿ ಸವೆಯುತ್ತದೆ. ತಗ್ಗಿನ ಕಾರಿನಲ್ಲಿ ಆ ಅಂಚು ಯಾರಿಗೂ ಕಾಣುವುದಿಲ್ಲ. ಹೊರಗಿನಿಂದ ಟೈರು ಹೊಸದರ ಹಾಗೆಯೇ ಇರುತ್ತದೆ.

ಒಮ್ಮೆ ಬಂದು ಹೋಗ್ರಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮೂರೇ ಮಾತು.

"ಥ್ಯಾಂಕ್ಸ್ ರೀ," ಎಂದ ಅವನು.

ನಾಲ್ಕು ತಿಂಗಳಾಯಿತು.

ಒಂದು ಬೆಳಿಗ್ಗೆ ಸುದ್ದಿ ಬಂತು. ಹೆದ್ದಾರಿಯ ತಿರುವಿನಲ್ಲಿ ಧರಣೇಂದ್ರನ ಕಾರಿನ ಮುಂದಿನ ಎಡ ಟೈರು ಸಿಡಿದು, ಕಾರು ಸೇತುವೆಯ ಕಟ್ಟೆಗೆ ಎಡಬದಿಯಿಂದ ಬಡಿದಿತ್ತು. ಅವನ ತೋಳು ಮುರಿದಿತ್ತು. ತ್ರಿಶಲಾ ಅಲ್ಲೇ ತೀರಿಹೋಗಿದ್ದಳು.

ಗುರು ನೆಲ ಗುಡಿಸುತ್ತಿದ್ದರು. ಕಸಬರಿಗೆ ಗೋಡೆಗೆ ಒರಗಿಸಿ, ಅಂಗಿ ಹಾಕಿಕೊಂಡು ಎಲ್ಲಿಗೋ ಹೋದರು. ಮಧ್ಯಾಹ್ನ ಬಂದರು. ಉಳಿದ ನೆಲ ಗುಡಿಸಿದರು.

ಬಂದವರೆಲ್ಲ ಹಣೆಬರಹ ಅಂದರು. ಟೈರು ಸಿಡಿದರೆ ಯಾರೇನು ಮಾಡುತ್ತಾರೆ ಅಂದರು. ಫಕೀರೇಶ ಎಲ್ಲರ ಮಾತಿಗೂ ತಲೆ ಆಡಿಸಿದ. ಒಂದು ಸಲ ತಕ್ಕಡಿ ಒರೆಸಲು ಹೋಗಿ, ಒರೆಸದೆ ಹಿಂದೆ ಬಂದ.

ತಿಂಗಳಾದ ಮೇಲೆ ಧರಣೇಂದ್ರ ಬಂದ. ತೋಳು ಜೋಳಿಗೆಯಲ್ಲಿತ್ತು. ಮೊದಲಿನ ಧರಣೇಂದ್ರ ಅನ್ನುವ ಹಾಗಿರಲಿಲ್ಲ.

"ಅಜ್ಜಾರ, ಒಂದ ಕೇಳಾಕ ಬಂದೇನ್ರಿ."

"ಕುಂದರಪಾ."

ಅವನು ಕೂರಲಿಲ್ಲ.

"ಆಕಿ ಅಪ್ಪ ನನ್ನ ಮಾರಿ ನೋಡವಲ್ರು. ನಿನ್ನ ಹುಚ್ಚು ನನ್ನ ಮಗಳನ್ನ ತಿಂತು ಅಂತಾರ. ಸ್ಪೀಡ್ ಎಪ್ಪತ್ತರ ಮ್ಯಾಲೆ ಇದ್ದಿಲ್ರಿ. ಮುಂಜಾನೆ ಟೈರ್ ನೋಡಿದ್ದೆ, ಹೊಸದರಂಗ ಇದ್ದು. ಗಾಳಿ ನೋಡಿದ್ದೆ. ಮತ್ತ ನಾ ಏನ ತಪ್ಪ ಮಾಡೀನಿ? ಒಂದ ಹೇಳ್ರಿ. ಏನಂತ ಗೊತ್ತಾದ್ರ ಸಾಕು."

ಆ ಆರು ಸುತ್ತು ಅವನಿಗೆ ನೆನಪೇ ಇರಲಿಲ್ಲ. ಅದು ಅವನಿಗೆ ಒಂದು ಬೆರಳಿನ ಅಂದ, ಅಷ್ಟೇ.

ಗುರು ಶಿಷ್ಯನ ಕಡೆ ತಿರುಗಿದರು.

"ಫಕೀರಾ, ಅವ್ರು ಕೇಳಾಕತ್ತಾರ."

ಧರಣೇಂದ್ರ ಫಕೀರೇಶನ ಮುಖ ನೋಡುತ್ತ ನಿಂತ.

"ಟೈರ್ ಅಂದ್ರ ಹಂಗ್ರಿ," ಎಂದ ಫಕೀರೇಶ. "ಹಣೆಬರಹ."

ಧರಣೇಂದ್ರ ತಲೆ ಅಲ್ಲಾಡಿಸಿದ. ಹೋಗುವಾಗ ಮರಳಿನ ಚೀಲಗಳ ಹತ್ತಿರ ಒಂದು ಗಳಿಗೆ ನಿಂತು ಹೋದ.

ಅವನ ಬೆನ್ನು ಮರೆಯಾಗುವ ಮುಂಚೆಯೇ ಫಕೀರೇಶ ಗುರುವಿನ ಮುಂದೆ ಬಂದು ನಿಂತ.

"ಅಜ್ಜಾರ, ಅವತ್ತ ನಾ..."

"ಗೊತ್ತೈತಿ."

"ನೀವು ಸ್ನಾನಕ್ಕ ಹೋದಾಗ..."

"ಆರು ಸುತ್ತು," ಎಂದರು ಗುರು. "ಸೇತುವಿ ಹತ್ತರ ಹೋಗಿ ಕಾರು ನೋಡಿ ಬಂದೇನಿ."

"ಯಾವಾಗ್ರಿ?"

"ಸುದ್ದಿ ಬಂದ ದಿನಾನ."

"ಮತ್ತ ನನ್ನ ಯಾಕ ಕೇಳಲಿಲ್ರಿ?"

"ಒಮ್ಮೆ ಕೇಳಿದ್ದೆ," ಎಂದರು ಗುರು.

ಮರುದಿನ ಅವನನ್ನು ಆ ಕಾರು ಬಿದ್ದಿದ್ದ ಗುಜರಿಗೆ ಕರೆದುಕೊಂಡು ಹೋದರು. ಕಾರಿನ ಎಡಬದಿ ಇರಲಿಲ್ಲ ಅನ್ನಬೇಕು. ಬಲಬದಿ ಹಾಗೇ ಇತ್ತು. ಬಲಗಡೆಯ ಮುಂದಿನ ಟೈರು ಹೊರಗಿನಿಂದ ನೋಡಿದರೆ ಹೊಸದು.

"ಒಳಗ ಕೈ ಹಾಕು."

ಫಕೀರೇಶ ಟೈರಿನ ಹಿಂದೆ ಕೈ ತೂರಿಸಿ ಒಳಗಿನ ಅಂಚು ಸವರಿದ. ರಬ್ಬರು ಇರಲಿಲ್ಲ. ತಂತಿ ಎದ್ದಿತ್ತು. ಕೈ ತೆಗೆದಾಗ ಮೂರು ಬೆರಳಲ್ಲಿ ರಕ್ತ.

"ಈಗ ಬಳಿ ನೋಡು."

ನೋಡಿದ. ಬಳೆಯ ಕುಂಕುಮ ಕೊಳವೆಯ ಕುಂಕುಮದ ಸಾಲಿಗೆ ಸರಿಯಾಗಿ ಕೂಡಿತ್ತು. ಆದರೆ ಬಳೆಗಿಂತ ಮೇಲೆ, ಕೊಳವೆಯ ಗೆರೆಯ ನಡುವೆ, ಒಂದು ಬೆರಳಿನಷ್ಟು ಜಾಗ ಬರಿದಾಗಿತ್ತು. ಗೆರೆ ಎಳೆಯುವಾಗ ಬಳೆ ಅಲ್ಲಿ ಕೂತಿತ್ತು. ಅದರ ಅಡಿಗೆ ಕುಂಕುಮ ಹತ್ತಿರಲಿಲ್ಲ.

"ಗೆರಿ ಕೂಡಿಸಿದಿ," ಎಂದರು ಗುರು. "ಬರಿ ಜಾಗ ಮುಚ್ಚಾಕ ಆಗಲಿಲ್ಲ."

ಎಡಗಡೆ, ಸೀಟು ಇದ್ದಲ್ಲಿ, ಒಂದು ಚಪ್ಪಲಿ ಬಿದ್ದಿತ್ತು. ಭಾರದ ಚಪ್ಪಲಿ. ಫಕೀರೇಶ ಅದನ್ನು ನೋಡಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ. ಗುರು ಅವನ ಬೆನ್ನ ಮೇಲೆ ಕೈ ಇಡಲಿಲ್ಲ. ಇಡುತ್ತಾರೆ ಎಂದು ಅವನು ಕಾದ. ಇಡಲಿಲ್ಲ.

"ಈಗ ನಾ ಏನ ಮಾಡ್ಲಿ ಅಜ್ಜಾರ?"

"ಅವ್ರು ಒಂದು ಮಾತು ಕೇಳಿ ಹೋಗ್ಯಾರ. ಉತ್ತರ ಇನ್ನಾ ಸಿಕ್ಕಿಲ್ಲ."

ಫಕೀರೇಶ ಧರಣೇಂದ್ರನ ಮನೆಗೆ ಹೋದ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಆರು ಸುತ್ತು ಹೇಳಿದ, ಗೆರೆ ಕೂಡಿಸಿದ್ದು ಹೇಳಿದ, ಫೋನಿನಲ್ಲಿ ಸುಮ್ಮನಿದ್ದದ್ದು ಹೇಳಿದ.

ಧರಣೇಂದ್ರ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಇಳಿಸು ಅಂತ ನಾನ ಹೇಳಿದ್ನೆಲ್ಲ," ಎಂದ. "ಛಂದ ಕಾಣತೈತಿ ಅಂತ."

"ನೀವು ಹೇಳಿದ್ರೂ ನಾ ಮಾಡಬಾರದಿತ್ರಿ."

"ಹೂಂ. ನೀವು ಮಾಡಬಾರದಿತ್ತು. ನಾ ಹೇಳಬಾರದಿತ್ತು." ಅವನ ದನಿ ಏರಲಿಲ್ಲ. "ಇಷ್ಟು ದಿನ ಯಾಕ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾತು. ನಾ ಇನ್ನ ಹೆಂಗ ಮಕ್ಕೊಳ್ಳಲಿ ಹೇಳ್ರಿ."

ಫಕೀರೇಶ ಕೈ ಮುಗಿದ.

"ಅವರಪ್ಪಗೂ ಹೇಳಿ ಹೋಗ್ರಿ," ಎಂದು ಧರಣೇಂದ್ರ ಬಾಗಿಲು ಹಾಕಿಕೊಂಡ.

ತ್ರಿಶಲಾಳ ಅಪ್ಪ ನಿಂತೇ ಕೇಳಿಸಿಕೊಂಡರು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆಯಲಿ ಎಂದು ಫಕೀರೇಶ ಹತ್ತಿರವೇ ನಿಂತಿದ್ದ.

"ಆರು ಸುತ್ತು ಇಳಸಾಕ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರು.

"ಹತ್ತು ನಿಮಿಷ ರೀ."

ಅವರು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಠಾಣೆಗೂ ಹೋದ. ಹೇಳಿಕೆ ಬರೆದುಕೊಂಡು, ಕರೆದಾಗ ಬಾ ಎಂದು ಕಳಿಸಿದರು. ಅವರು ಕರೆಯುವ ದಿನವನ್ನೇ ಅವನು ಹಾರೈಸಿ ಕಾದ. ಕರೆ ಬರಲಿಲ್ಲ.

ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದು ನಮಗೆಲ್ಲ ಯಾರೋ ಹೇಳಿಕೊಟ್ಟಿದ್ದಾರೆ. ಯಾರು ಹೇಳಿಕೊಟ್ಟರೋ ಅವರನ್ನು ಹಿಡಿದು ಕೇಳಬೇಕು. ಫಕೀರೇಶನಿಗೆ ಹಗುರಾಗಲಿಲ್ಲ. ಧರಣೇಂದ್ರ ಅಂಗಡಿ ಮುಚ್ಚಿದ. ಒಬ್ಬನ ಎದೆಯಲ್ಲಿದ್ದದ್ದು ಮೂವರ ಎದೆಗೆ ಹೋಯಿತು, ಮೂವರಲ್ಲೂ ಪೂರಾ ಪೂರಾ ಇತ್ತು.

ಅವನು ಗ್ಯಾರೇಜಿಗೆ ಬಂದು ನಟ್ಟು ಬಿಚ್ಚುವ ತನ್ನ ಪಾನಾಗಳನ್ನೆಲ್ಲ ಟವೆಲ್ಲಿನಲ್ಲಿ ಕಟ್ಟಿದ. ನದಿಯ ಮೆಟ್ಟಿಲ ಮೇಲೆ ಗುರು ಬಟ್ಟೆ ಹಿಂಡುತ್ತಿದ್ದರು.

"ಕಡಿಮಿ ಆಗಲಿಲ್ರಿ ಅಜ್ಜಾರ."

"ಆಕೈತಿ ಅಂತ ಯಾರ ಹೇಳಿದ್ರು?"

"ನೀವ ಕಳಿಸಿದ್ರೆಲ್ಲ."

"ಅವ್ರು ಕೇಳಿದ್ದಕ್ಕ ಕಳಿಸಿದೆ. ನಿನ್ನ ಸಲುವಾಗಿ ಅಲ್ಲ."

ಫಕೀರೇಶ ಗಂಟು ಎತ್ತಿ ನೀರಿನ ಕಡೆ ಹಿಡಿದ.

"ಇವನ್ನ ಹೊಳಿಗೆ ಒಗದು ಹೋಗ್ತೇನ್ರಿ. ಈ ಕೈಗೆ ಈ ಕೆಲಸ ಬ್ಯಾಡ."

"ಯಾವ ಕೆಲಸಕ್ಕ ಹೋಗತಿ?"

"ಯಾವುದರ ಆಗಲಿ. ಯಾರೂ ಸಾಯದಂಥಾದ್ದು."

"ಸಿಕ್ಕರ ನನಗೂ ಹೇಳಿ ಕಳಸು," ಎಂದರು ಗುರು.

ಫಕೀರೇಶನ ಕೈ ಹಾಗೇ ನಿಂತಿತು. ನೀರು ಹರಿಯಿತು. ಗುರು ಹಿಂಡಿದ ಬಟ್ಟೆ ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವನೂ ಗಂಟು ಹಿಡಿದು ಹತ್ತಿ ಹೋದ. ಹೋಗಲಿಕ್ಕೆ ಬೇರೆ ಕಡೆ ಇರಲಿಲ್ಲ.

ಒಳಗೆ ಯಾರದೋ ಒಂದು ತಗ್ಗಿನ ಕಾರು ನಿಂತಿತ್ತು. ಗುರು ಬೆಳಿಗ್ಗೆಯೇ ಒಬ್ಬರೇ ಅದರ ದಾರದ ಕೆಲಸ ಮುಗಿಸಿದ್ದರು. ಓಡಿಸಿ ನೋಡುವುದು ಮಾತ್ರ ಉಳಿದಿತ್ತು.

ಅವರು ಒಂದು ಖಾಲಿ ಗೋಣಿಚೀಲವನ್ನು ಅವನ ಮುಂದೆ ಹಾಕಿದರು.

"ಮರಳು ತುಂಬು."

"ಎಷ್ಟು ರೀ?"

ಗುರು ತಕ್ಕಡಿಯ ಮೇಲಿನ ಧೂಳು ಕೈಯಿಂದ ಒರೆಸಿದರು.

ಫಕೀರೇಶನಿಗೆ ತಿಳಿಯಿತು. ಸಲಿಕೆ ಹಿಡಿದು ತುಂಬಿದ. ತಕ್ಕಡಿ ನಲವತ್ತೆಂಟು ತೋರಿಸಿದಾಗ ಅವನ ಕೈ ನಿಂತಿತು. ಅವಳು ನಕ್ಕದ್ದು ನೆನಪಾಯಿತು. ಮತ್ತೆ ಮೂರು ಕಿಲೋ ಹಾಕಿದ. ಐವತ್ತೊಂದು.

ಕೂತು ದಬ್ಬಳದಿಂದ ಬಾಯಿ ಹೊಲಿದ. ತಂತಿ ಚುಚ್ಚಿದ ಬೆರಳು ಮತ್ತೆ ಒಡೆಯಿತು. ಗೋಣಿಗೆ ಸ್ವಲ್ಪ ರಕ್ತ ಹತ್ತಿತು.

"ಎಡಗಡೆ ಕೂಡ್ರಸು," ಎಂದರು ಗುರು. "ನೀ ಮುಟ್ಟಿದ ಪ್ರತಿ ಕಾರಿನಾಗೂ ಆಕಿ ಕುಂದರತಾಳ. ಮೊದಲ ಆಕೀನ್ನ ಕರಕೊಂಡು ಒಂದು ಸುತ್ತು ಹೋಗಿ ಬರಬೇಕು. ಆಮ್ಯಾಲೆ ಕಾರು ಮಂದಿ ಕೈಗೆ."

ಅವನು ಎತ್ತಿದ. ಸತ್ತ ಭಾರ ಎಂದರೆ ಏನೆಂದು ಆಗ ತಿಳಿಯಿತು. ಮರಳು ಮೈಗೆ ಆತುಕೊಂಡು ಕೆಳಗೆ ಜಾರುತ್ತಿತ್ತು. ಕಾರು ಅಷ್ಟು ತಗ್ಗಿನದು. ಮೊಳಕಾಲೂರಿ ಒಳಗೆ ಬಗ್ಗಿ, ಸೀಟಿನಲ್ಲಿ ನೆಟ್ಟಗೆ ಕೂರಿಸಿ, ಬೆಲ್ಟು ಎಳೆದು ಹಾಕಿದ. ಹೊರಗೆ ಬರುವಾಗ ಅವನ ಕೈ ತಾನಾಗಿಯೇ ಚೀಲದ ಮೇಲೆ ಉಳಿದಿತ್ತು.

"ಎಷ್ಟು ದಿನ ರೀ ಅಜ್ಜಾರ?"

ಗುರು ಹಿಂದಿನ ಬಾಗಿಲು ತೆರೆದಿದ್ದರು. ಹದಿನೆಂಟು ಕಿಲೋದ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಸೀಟಿನ ನಡುವೆ ಕೂರಿಸಿ, ತಿರುವಿನಲ್ಲಿ ಬೀಳದ ಹಾಗೆ ಎರಡೂ ಬದಿಗೆ ಬಟ್ಟೆ ತುರುಕುತ್ತಿದ್ದರು. ಏಳು ವರ್ಷ ನೋಡಿದ ಆ ಚೀಲವನ್ನು ಫಕೀರೇಶ ಅವತ್ತು ಮೊದಲ ಸಲ ನೋಡಿದ. ಐದಾರು ವರ್ಷದ ಹುಡುಗನ ತೂಕ.

"ಮೂವತ್ತೊಂದು ವರ್ಷ ಆತು," ಎಂದರು ಮಾನಪ್ಪಜ್ಜ. "ಇಂವ ಇನ್ನಾ ಇಳೀತೇನಿ ಅಂದಿಲ್ಲ."